ಎಡ ಭುಜದ ಹಿಂದಿನ ರನ್‌ವೇ: ಮನೆಯ ಫ್ಲೈಟ್ ಸಿಮ್ಯುಲೇಟರಿಗೆ ಮೂರು ಮಾನಿಟರ್ ಜೋಡಿಸಿದ ಒಂದು ಪ್ರಕರಣ

ನನ್ನ ಅಕ್ಕನ ಮಗ ಖಾಸಗಿ ಪೈಲಟ್ ಪರವಾನಗಿಗಾಗಿ ಹಾರಾಟ ಕಲಿಯುತ್ತಿದ್ದಾನೆ. ಸೆಸ್ನಾ 172 ವಿಮಾನದಲ್ಲಿ ಸರ್ಕ್ಯೂಟ್ ಅಭ್ಯಾಸದ ಹಂತಕ್ಕೆ ಬಂದ ಮೇಲೆ ಅವನಿಗೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ತೊಡಕಾಗತೊಡಗಿತು. ಸರ್ಕ್ಯೂಟ್ ಎಂದರೆ ರನ್‌ವೇಯಿಂದ ಮೇಲೆದ್ದು ಎರಡು ಸಲ ಎಡಕ್ಕೆ ತಿರುಗಿ, ನೆಲದಿಂದ ಸುಮಾರು 1,000 ಅಡಿ ಎತ್ತರದಲ್ಲಿ ರನ್‌ವೇಗೆ ಸಮಾನಾಂತರವಾಗಿ, ಆದರೆ ವಿರುದ್ಧ ದಿಕ್ಕಿನಲ್ಲಿ ಹಾರಿ, ಮತ್ತೆರಡು ಸಲ ಎಡಕ್ಕೆ ತಿರುಗಿ ಅದೇ ರನ್‌ವೇಗೆ ಇಳಿಯುವ ಆಯತಾಕಾರದ ಸುತ್ತು. ಸಮಾನಾಂತರವಾಗಿ ಹಾರುವ ಭಾಗಕ್ಕೆ ಡೌನ್‌ವಿಂಡ್ ಎಂದೂ ಅದರ ನಂತರದ ಅಡ್ಡ ಭಾಗಕ್ಕೆ ಬೇಸ್ ಎಂದೂ ರನ್‌ವೇಯ ನೇರಕ್ಕೆ ಬರುವ ಕೊನೆಯ ಭಾಗಕ್ಕೆ ಫೈನಲ್ ಎಂದೂ ಹೆಸರು. ಡೌನ್‌ವಿಂಡಿನಿಂದ ಬೇಸ್‌ಗೆ ಯಾವಾಗ ತಿರುಗಬೇಕು ಎನ್ನುವುದಕ್ಕೆ ಕಲಿಯುವವರಿಗೆಲ್ಲ ಹೇಳಿಕೊಡುವ ಒಂದು ಗುರುತಿದೆ: ಇಳಿಯಬೇಕಾದ ರನ್‌ವೇಯ ಅಂಚು ಎಡ ಭುಜದಿಂದ 45 ಡಿಗ್ರಿ ಹಿಂದಕ್ಕೆ ಸರಿದಾಗ ತಿರುಗಬೇಕು. ವಿಮಾನದ ಮೂತಿಯಿಂದ ಲೆಕ್ಕ ಹಾಕಿದರೆ ಅದು 135 ಡಿಗ್ರಿ. ಹುಡುಗ ಒಮ್ಮೆ ಬೇಗ ತಿರುಗುತ್ತಿದ್ದ, ಒಮ್ಮೆ ತಡವಾಗಿ ತಿರುಗುತ್ತಿದ್ದ. ಬೇಗ ತಿರುಗಿದ ದಿನ ಫೈನಲ್‌ನಲ್ಲಿ ವಿಮಾನ ತೀರಾ ಎತ್ತರದಲ್ಲಿರುತ್ತಿತ್ತು, ತಡವಾದ ದಿನ ರನ್‌ವೇ ದೂರದಲ್ಲೆಲ್ಲೋ ಉಳಿದುಬಿಡುತ್ತಿತ್ತು. ಪಾಠ ಹೇಳುವವರು ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಮಾತು: ಹೊರಗೆ ನೋಡು.

ಮನೆಯಲ್ಲಿ ಅವನು ಎಕ್ಸ್-ಪ್ಲೇನ್ 12 ಸಿಮ್ಯುಲೇಟರಿನಲ್ಲಿ ಅಭ್ಯಾಸ ಮಾಡುತ್ತಿದ್ದ. 24 ಇಂಚಿನ ಒಂದೇ ಮಾನಿಟರ್ ಇತ್ತು. ಎಡಕ್ಕೆ ನೋಡಬೇಕಾದರೆ ಜಾಯ್‌ಸ್ಟಿಕ್ಕಿನ ತುದಿಯಲ್ಲಿರುವ ಗುಂಡಿಯನ್ನು ಎಡಕ್ಕೆ ಒತ್ತಬೇಕು. ಆಗ ನೋಟ ಒಮ್ಮೆಗೇ ಎಡಗಿಟಕಿಗೆ ಹಾರುತ್ತದೆ, ಬಿಟ್ಟರೆ ಮುಂದಕ್ಕೆ ಮರಳುತ್ತದೆ. ನಾನು ಅವನ ಹಿಂದೆ ನಿಂತು ಒಂದು ಸಂಜೆಯೆಲ್ಲ ಗಮನಿಸಿದೆ. ಅಷ್ಟು ಹೊತ್ತೂ ಅವನ ಕುತ್ತಿಗೆ ಅಲುಗಲಿಲ್ಲ. ಕಣ್ಣು ನೇರ ಮುಂದಕ್ಕೇ ನೆಟ್ಟಿತ್ತು, ಹೆಬ್ಬೆರಳು ಮಾತ್ರ ಚಲಿಸುತ್ತಿತ್ತು. ರನ್‌ವೇ 45 ಡಿಗ್ರಿ ಹಿಂದಿದೆ ಎಂಬುದು ದೇಹಕ್ಕೆ ತಿಳಿಯುವುದು ಕುತ್ತಿಗೆ ಎಷ್ಟು ತಿರುಗಿತು, ಭುಜದ ಯಾವ ಭಾಗದ ಮೇಲಿಂದ ಕಣ್ಣು ಹಾಯಿತು ಎನ್ನುವುದರಿಂದ. ಆ ಅರಿವನ್ನು ಹೆಬ್ಬೆರಳು ಕಲಿಸಲಾರದು. ಹೀಗಾಗಿ ನಮ್ಮ ಮುಂದಿದ್ದ ಪ್ರಶ್ನೆ ದೃಶ್ಯ ಎಷ್ಟು ಭವ್ಯವಾಗಿ ಕಾಣಬೇಕು ಎನ್ನುವುದಾಗಿರಲಿಲ್ಲ. ನಿಜವಾದ ವಿಮಾನದಲ್ಲಿ ತಲೆ ಎಷ್ಟು ತಿರುಗುತ್ತದೆಯೋ ಮನೆಯಲ್ಲಿಯೂ ಅಷ್ಟೇ ತಿರುಗಬೇಕು, ತಿರುಗಿದ ಕಡೆ ರನ್‌ವೇ ಅದೇ ಕೋನದಲ್ಲಿ, ಅಷ್ಟೇ ಗಾತ್ರದಲ್ಲಿ ಸಿಗಬೇಕು ಎನ್ನುವುದಷ್ಟೇ ಆಗಿತ್ತು.

ಇದಕ್ಕೆ ಮಾನಿಟರುಗಳಲ್ಲದ ದಾರಿಗಳೂ ಇವೆ. ತಲೆಯ ಚಲನೆಯನ್ನು ಇನ್‌ಫ್ರಾರೆಡ್ ಕ್ಯಾಮೆರಾದಿಂದ ಗುರುತಿಸುವ ಟ್ರ್ಯಾಕ್‌ಐಆರ್‌ನಂಥ ಸಾಧನಗಳು ಕಡಿಮೆ ಜಾಗದಲ್ಲಿ, ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುತ್ತವೆ. ಆದರೆ ಮುಂದಿರುವ ಒಂದೇ ಪರದೆಯಿಂದ ಕಣ್ಣು ಕೀಳುವಂತಿಲ್ಲವಾದ್ದರಿಂದ ಅವು ತಲೆಯ ಸಣ್ಣ ಚಲನೆಯನ್ನು ಹಲವು ಪಟ್ಟು ಹಿಗ್ಗಿಸಿ ತೋರಿಸಬೇಕಾಗುತ್ತದೆ. ಇಪ್ಪತ್ತು ಡಿಗ್ರಿ ತಿರುಗಿದರೆ ನೋಟ ನೂರು ಡಿಗ್ರಿ ತಿರುಗುವಂತೆ. ನಮ್ಮ ತೊಂದರೆ ಇದ್ದದ್ದೇ ಅಲ್ಲಿ. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್‌ನಲ್ಲಿ ಕೋನಗಳೆಲ್ಲ ಸರಿಯಾಗಿರುತ್ತವೆ. ಆದರೆ ಹುಡುಗ ತೊಡೆಯ ಮೇಲೆ ಕಾಗದದ ಚೆಕ್‌ಲಿಸ್ಟ್ ಇಟ್ಟುಕೊಂಡು, ಅದನ್ನು ಓದುತ್ತಾ, ಕೈಯಿಂದ ಮುಟ್ಟಿ ನೋಡುತ್ತಾ ಕಲಿಯಬೇಕಾದ ಹಂತದಲ್ಲಿದ್ದಾನೆ. ಕಣ್ಣು ಮುಚ್ಚಿದ ಪೆಟ್ಟಿಗೆಯೊಳಗೆ ಅದು ಕಷ್ಟ. ಮೇಲಾಗಿ ಅರ್ಧ ಗಂಟೆಯಲ್ಲಿ ಅವನಿಗೆ ಹೊಟ್ಟೆ ತೊಳಸುತ್ತದೆ. ಮಾನಿಟರುಗಳೇ ಸರಿ ಎಂದು ತೀರ್ಮಾನಿಸಿದೆವು.

ಮೊದಲ ಜೋಡಣೆ

ಮೈಸೂರಿನ ನಮ್ಮ ಮನೆಯಲ್ಲಿ ಇದಕ್ಕೆ ಸಿಕ್ಕಿದ್ದು ಹತ್ತಡಿಗೆ ಒಂಬತ್ತಡಿಯ ಒಂದು ಕೋಣೆ. ಒಂದೇ ಮಾದರಿಯ, 27 ಇಂಚಿನ, 1920×1080 ಚುಕ್ಕೆಗಳ ಮೂರು ಮಾನಿಟರುಗಳನ್ನು ತಂದೆವು. ಇನ್ನೂ ಹೆಚ್ಚು ಸಾಂದ್ರತೆಯ ಮಾನಿಟರ್ ಕೊಳ್ಳುವ ಆಸೆಯನ್ನು ಬೇಕೆಂದೇ ತಡೆದುಕೊಂಡೆವು. ಇಂಥ ಮೂರು ಪರದೆಗಳಲ್ಲಿ ಒಟ್ಟು 62 ಲಕ್ಷ ಚುಕ್ಕೆಗಳಿರುತ್ತವೆ, ಒಂದು 4ಕೆ ಪರದೆಯಲ್ಲಿರುವ 83 ಲಕ್ಷಕ್ಕಿಂತ ಕಡಿಮೆ. ಅದೇ 2560×1440ರ ಮೂರು ಪರದೆಗಳಾದರೆ ಲೆಕ್ಕ 1.1 ಕೋಟಿ ದಾಟುತ್ತದೆ. ಕಂಪ್ಯೂಟರಿನಲ್ಲಿದ್ದ ಜಿಫೋರ್ಸ್ ಆರ್‌ಟಿಎಕ್ಸ್ 3070 ಕಾರ್ಡಿಗೆ 8 ಜಿಬಿ ಮೆಮರಿ, ಮೂರು ಡಿಸ್‌ಪ್ಲೇಪೋರ್ಟ್, ಒಂದು ಎಚ್‌ಡಿಎಂಐ. ನಾಲ್ಕು ಪರದೆಗಳವರೆಗೆ ಅದು ನಡೆಸಬಲ್ಲದು.

ಮಾರಾಟಗಾರರು ಹೇಳಿದ್ದು ಸುಲಭದ ದಾರಿ: ಗ್ರಾಫಿಕ್ಸ್ ಕಾರ್ಡಿನ ತಂತ್ರಾಂಶದಲ್ಲಿ ಮೂರನ್ನೂ ಸೇರಿಸಿ ಒಂದೇ ಅಗಲವಾದ ಪರದೆಯಾಗಿ ಮಾಡುವುದು. ಎನ್‌ವಿಡಿಯಾ ಇದಕ್ಕೆ ಸರೌಂಡ್ ಎನ್ನುತ್ತದೆ, ಎಎಮ್‌ಡಿ ಐಫಿನಿಟಿ ಎನ್ನುತ್ತದೆ. ಹಾಗೆಯೇ ಮಾಡಿದೆವು. ಮಧ್ಯದ ಮಾನಿಟರನ್ನು ಕಣ್ಣಿನಿಂದ 70 ಸೆಂಟಿಮೀಟರ್ ದೂರದಲ್ಲಿಟ್ಟು, ಎಡಬಲದವನ್ನು ಕಣ್ಣಂದಾಜಿನಲ್ಲಿ ಒಳಕ್ಕೆ ಮಡಿಸಿ, ನೋಟದ ಕೋನವನ್ನು 120 ಡಿಗ್ರಿಗೆ ಇಟ್ಟೆವು. ಮೊದಲ ನೋಟಕ್ಕೆ ಮನೆಯವರೆಲ್ಲ ಬಾಗಿಲಲ್ಲಿ ನಿಂತು ಬೆರಗಾದರು. ಹುಡುಗ ಮಾತ್ರ ಹತ್ತು ನಿಮಿಷದಲ್ಲಿ ಏನೋ ಸರಿಯಿಲ್ಲ ಎಂದ. ರನ್‌ವೇ ಇನ್ನೂ ದೂರವಿದೆ ಎನ್ನಿಸಿ ಅವನು ಮೂತಿ ಎತ್ತುವುದು ತಡವಾಗುತ್ತಿತ್ತು, ಚಕ್ರಗಳು ಪ್ರತಿ ಸಲವೂ ನೆಲಕ್ಕೆ ಅಪ್ಪಳಿಸುತ್ತಿದ್ದವು. ಒಂದೇ ಮಾನಿಟರ್ ಇದ್ದಾಗ ಇಳಿಯುವುದರಲ್ಲಿ ಅವನಿಗೆ ಇಷ್ಟು ಕಷ್ಟವಿರಲಿಲ್ಲ.

ಕಾರಣ ಹುಡುಕಲು ನಾವು ಮಂಡಕಳ್ಳಿ ವಿಮಾನ ನಿಲ್ದಾಣದಿಂದ, 27 ಎಂಬ ಸಂಖ್ಯೆಯ, ಅಂದರೆ 270 ಡಿಗ್ರಿ ದಿಕ್ಕಿಗೆ ಮುಖ ಮಾಡಿದ ರನ್‌ವೇಯಿಂದ ಹಾರಿದೆವು. ಅಲ್ಲಿ ಪಶ್ಚಿಮಕ್ಕೆ ಮೇಲೆದ್ದು ಎಡ ಸರ್ಕ್ಯೂಟ್ ಹಾರಿದರೆ ಡೌನ್‌ವಿಂಡ್ ರನ್‌ವೇಯ ದಕ್ಷಿಣದಲ್ಲಿ ಪೂರ್ವಾಭಿಮುಖವಾಗಿ ಸಾಗುತ್ತದೆ. ಎಡಗಡೆ ರನ್‌ವೇ, ಅದರಾಚೆ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ ಚಾಮುಂಡಿ ಬೆಟ್ಟ. ಸಮುದ್ರಮಟ್ಟದಿಂದ 3,489 ಅಡಿಯ ಆ ಬೆಟ್ಟದ ತುದಿ ಸರ್ಕ್ಯೂಟಿನ ಎತ್ತರದಿಂದ ನೋಡಿದರೆ ಹೆಚ್ಚುಕಡಿಮೆ ದಿಗಂತದ ಮಟ್ಟದಲ್ಲೇ ಇರುತ್ತದೆ. ವಿಮಾನ ಮುಂದೆ ಸಾಗಿದಂತೆ ಬೆಟ್ಟ ಮಧ್ಯದ ಪರದೆಯಿಂದ ಎಡ ಪರದೆಗೆ ಜಾರುತ್ತದೆ. ದಿನಾ ಕಿಟಕಿಯಿಂದ ನೋಡುವ ಬೆಟ್ಟ. ಅದರ ಮೈಕಟ್ಟು ನಮಗೆ ಬಾಯಿಪಾಠ. ಮಧ್ಯದ ಪರದೆಯಲ್ಲಿ ಅದು ಕುಗ್ಗಿದ ದಿಬ್ಬದಂತಿತ್ತು. ಎಡ ಪರದೆಯ ತುದಿ ಸಮೀಪಿಸಿದಂತೆ ಅಡ್ಡಡ್ಡಲಾಗಿ ಹಿಗ್ಗುತ್ತಾ, ಕೊನೆಗೆ ಗುರುತೇ ಸಿಗದಷ್ಟು ಚಪ್ಪಟೆಯಾಯಿತು.

ಇದು ಯಾವ ತಂತ್ರಾಂಶದ ದೋಷವೂ ಅಲ್ಲ, ಜ್ಯಾಮಿತಿಯ ಫಲ. ಮೂರು ಪರದೆಗಳನ್ನು ಒಂದಾಗಿಸಿದಾಗ ಸಿಮ್ಯುಲೇಟರ್ ತಿಳಿಯುವುದು ಎದುರಿಗೆ ಒಂದೇ ಚಪ್ಪಟೆ ಗಾಜಿನ ಗೋಡೆಯಿದೆ ಎಂದು. ಚಪ್ಪಟೆ ಗೋಡೆಯ ಮೇಲೆ 120 ಡಿಗ್ರಿಯನ್ನು ಬಿಡಿಸಿದರೆ ಮಧ್ಯದ ಮೂರನೇ ಒಂದು ಭಾಗಕ್ಕೇ 60 ಡಿಗ್ರಿ ಬೀಳುತ್ತದೆ, ಎಡಬಲದ ಒಂದೊಂದಕ್ಕೆ ಬರೀ 30 ಡಿಗ್ರಿ ಉಳಿಯುತ್ತದೆ. ತುದಿಯಲ್ಲಿ ಒಂದು ಡಿಗ್ರಿಗೆ ಸಿಗುವ ಅಗಲ ಮಧ್ಯದಲ್ಲಿ ಸಿಗುವುದರ ನಾಲ್ಕು ಪಟ್ಟು. ನಮ್ಮ ಮಧ್ಯದ ಮಾನಿಟರ್ 70 ಸೆಂಟಿಮೀಟರ್ ದೂರದಿಂದ ಕಣ್ಣಿಗೆ ತುಂಬುತ್ತಿದ್ದುದು 46 ಡಿಗ್ರಿಯನ್ನು. ಅದರೊಳಗೆ 60 ಡಿಗ್ರಿಯ ನೋಟವನ್ನು ತುರುಕಿದಾಗ ಪ್ರತಿಯೊಂದೂ ತನ್ನ ನಿಜ ಗಾತ್ರದ ಮುಕ್ಕಾಲು ಭಾಗಕ್ಕೆ ಇಳಿಯಿತು. ರನ್‌ವೇ ದೂರವಿದೆ ಎಂದು ಹುಡುಗನ ಕಣ್ಣು ಹೇಳಿದ್ದು ಸುಳ್ಳಾಗಿರಲಿಲ್ಲ. ಆ ಚಿತ್ರದ ಮಟ್ಟಿಗೆ ಅದು ನಿಜಕ್ಕೂ ದೂರವಿತ್ತು.

ನೂಲು, ತೂಗುಗುಂಡು, ಸೀಮೆಸುಣ್ಣ

ಆದ್ದರಿಂದ ಮೂರನ್ನೂ ಬಿಡಿಸಿ, ಪ್ರತಿ ಮಾನಿಟರನ್ನೂ ಒಂದೊಂದು ಸ್ವತಂತ್ರ ಕಿಟಕಿಯಾಗಿ ಮಾಡಿದೆವು. ಎಕ್ಸ್-ಪ್ಲೇನ್‌ನಲ್ಲಿ ಪ್ರತಿ ಪರದೆಗೂ ಬೇರೆ ಬೇರೆಯಾಗಿ ನೋಟದ ಕೋನವನ್ನೂ, ಮುಂದಿನ ದಿಕ್ಕಿನಿಂದ ಅದು ಎಷ್ಟು ಡಿಗ್ರಿ ಪಕ್ಕಕ್ಕೆ ತಿರುಗಿದೆ ಎನ್ನುವ ಲ್ಯಾಟರಲ್ ಆಫ್‌ಸೆಟ್ ಅನ್ನೂ ಅಂಕಿಗಳಲ್ಲಿ ಬರೆಯಬಹುದು. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರಿಗೂ 2022ರ ಸೆಪ್ಟೆಂಬರಿನ ಪರಿಷ್ಕರಣೆಯಿಂದ ಹೆಚ್ಚುವರಿ ಪರದೆಗಳ ಸೌಲಭ್ಯ ಬಂದಿದೆ. ನಮಗೆ ಎಕ್ಸ್-ಪ್ಲೇನ್ ಒಗ್ಗಿತ್ತು, ಅದರಲ್ಲೇ ಮುಂದುವರಿದೆವು.

ಅಂಕಿಗಳನ್ನು ಊಹಿಸಬಾರದು, ಅಳೆಯಬೇಕು. ಮಾನಿಟರಿನ ಪೆಟ್ಟಿಗೆಯ ಮೇಲಿರುವ 27 ಇಂಚು ಕರ್ಣದ ಅಳತೆ. ಇಲ್ಲಿ ಬೇಕಾದದ್ದು ಬೆಳಗುವ ಭಾಗದ ಅಗಲ. ಟೇಪು ಹಿಡಿದಾಗ ಅದು 59.8 ಸೆಂಟಿಮೀಟರ್ ಬಂತು. ಅದರ ಅರ್ಧವನ್ನು ಕಣ್ಣಿನ ದೂರದಿಂದ ಭಾಗಿಸಿ, ಬಂದ ಸಂಖ್ಯೆಯ ವಿಲೋಮ ಟ್ಯಾಂಜೆಂಟ್ ಕಂಡುಹಿಡಿದು, ಎರಡರಿಂದ ಗುಣಿಸಿದರೆ ನೋಟದ ಕೋನ ಸಿಗುತ್ತದೆ: 70 ಸೆಂಟಿಮೀಟರಿಗೆ 46.3 ಡಿಗ್ರಿ. ಪಕ್ಕದ ಪರದೆಯ ತಿರುವು ಇದಕ್ಕಿಂತ ತುಸು ಹೆಚ್ಚಿರಬೇಕು, ಏಕೆಂದರೆ ಎರಡು ಪರದೆಗಳ ನಡುವೆ ಬೆಳಗದ ಚೌಕಟ್ಟಿದೆ. ನಮ್ಮ ಮಾನಿಟರುಗಳಲ್ಲಿ ಅದು ಒಂದೊಂದು ಬದಿಗೆ 8 ಮಿಲಿಮೀಟರ್. ಅದನ್ನೂ ಸೇರಿಸಿ ಲೆಕ್ಕ ಹಾಕಿದಾಗ ತಿರುವು 47.4 ಡಿಗ್ರಿ ಆಯಿತು. ಈ 1.1 ಡಿಗ್ರಿಯ ವ್ಯತ್ಯಾಸವನ್ನು ಬಿಟ್ಟುಬಿಡುವವರೇ ಹೆಚ್ಚು. ಬಿಟ್ಟರೆ ಬೆಟ್ಟ ಚೌಕಟ್ಟನ್ನು ದಾಟುವಾಗ ಒಂದು ಪರದೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಸೇರಿಸಿದರೆ ಕಿಟಕಿಯ ಸರಳಿನ ಹಿಂದೆ ಹಾದುಹೋದಂತೆ ಒಂದು ಕ್ಷಣ ಮರೆಯಾಗಿ, ಬರಬೇಕಾದ ಹೊತ್ತಿಗೆ ಈಚೆ ಬರುತ್ತದೆ. ಕಣ್ಣು ಅದನ್ನು ತಾನಾಗಿ ಒಪ್ಪಿಕೊಳ್ಳುತ್ತದೆ.

ಅಂಕಿ ಸರಿಯಿದ್ದರೆ ಸಾಲದು, ಮಾನಿಟರುಗಳು ನಿಜವಾಗಿ ಆ ಕೋನದಲ್ಲೇ ನಿಂತಿರಬೇಕು. ಪ್ರತಿ ಪರದೆಯ ನಟ್ಟನಡುವೂ ಕಣ್ಣಿನಿಂದ ಒಂದೇ ದೂರದಲ್ಲಿರಬೇಕು, ಕಣ್ಣಿಗೆ ನೇರ ಮುಖ ಮಾಡಿರಬೇಕು. ಅಂದರೆ ಮೂರೂ ಒಂದು ವೃತ್ತಕ್ಕೆ ತಾಗಿ ನಿಂತ ಹಲಗೆಗಳಂತಿರಬೇಕು. ಹುಡುಗನನ್ನು ಕುರ್ಚಿಯಲ್ಲಿ ಹಾರುವ ಭಂಗಿಯಲ್ಲೇ ಕೂರಿಸಿ, ಗಾರೆ ಕೆಲಸದವರ ತೂಗುಗುಂಡನ್ನು ಅವನ ಹುಬ್ಬಿನ ಮಟ್ಟದಿಂದ ಇಳಿಬಿಟ್ಟು, ಅದು ನೆಲದ ಮೇಲೆ ತೋರಿದ ಬಿಂದುವಿಗೆ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಆ ಬಿಂದುವಿನಲ್ಲಿ ನೂಲಿನ ಒಂದು ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ, ಕೆಂಪು ಗಾರೆಯ ನೆಲದ ಮೇಲೆ ಕಮಾನು ಎಳೆದೆವು. ಮಾನಿಟರುಗಳನ್ನು ಆ ಕಮಾನಿಗೆ ಸರಿಯಾಗಿ ಮೇಜಿನ ಮೇಲೆ ತಿರುಗಿಸಿ, ರಸಮಟ್ಟ ಇಟ್ಟು ಒಂದೊಂದರ ಮೇಲಂಚನ್ನೂ ಮಟ್ಟ ಮಾಡಿದೆವು. ಅವನ ಕಣ್ಣು ಪರದೆಯ ನಡುಮಟ್ಟಕ್ಕಿಂತ ಆರು ಸೆಂಟಿಮೀಟರ್ ಮೇಲಿತ್ತು. ಮಾನಿಟರುಗಳ ಕೆಳಗೆ ಹಲಗೆ ಕೊಟ್ಟು ಎತ್ತಿದೆವು. ಕಣ್ಣು ಮೇಲಿದ್ದು ಪರದೆ ಕೆಳಗಿದ್ದರೆ ಮಟ್ಟಸವಾಗಿ ಹಾರುವಾಗಲೂ ದಿಗಂತ ಕಣ್ಣಿಗಿಂತ ಕೆಳಗೆ ಕಾಣುತ್ತದೆ, ಕೈ ಅರಿವಿಲ್ಲದೆ ಮೂತಿಯನ್ನು ತಗ್ಗಿಸುತ್ತದೆ.

ಪರೀಕ್ಷೆ ಸರಳವಾಗಿತ್ತು. ವಿಮಾನವನ್ನು 20 ಡಿಗ್ರಿ ಓರೆ ಮಾಡಿ ಸಿಮ್ಯುಲೇಟರನ್ನು ಅಲ್ಲಿಗೇ ನಿಲ್ಲಿಸಿ, ಕುಳಿತಲ್ಲಿಂದಲೇ ಒಂದು ಕಣ್ಣು ಮುಚ್ಚಿ, ಎರಡು ಕೈಯಲ್ಲಿ ನೂಲನ್ನು ಬಿಗಿಯಾಗಿ ಎಳೆದು ದಿಗಂತದ ಗೆರೆಗೆ ಹಿಡಿಯುವುದು. ಒಂದೇ ಚಪ್ಪಟೆ ಪರದೆಯಾಗಿ ಜೋಡಿಸಿದಾಗ ದಿಗಂತ ಚೌಕಟ್ಟಿನ ಬಳಿ ಮೊಣಕೈಯಂತೆ ಮಡಿಯುತ್ತಿತ್ತು. ಈಗ ನೂಲಿನ ಉದ್ದಕ್ಕೂ ಮೂರು ಪರದೆಗಳ ದಿಗಂತ ಒಂದೇ ಗೆರೆಯಾಗಿ ಕೂತಿತು. ಬೆಟ್ಟಕ್ಕೆ ಅದರ ಆಕಾರ ಮರಳಿ ಬಂತು. ಇಳಿಯುವಾಗಿನ ಅಪ್ಪಳಿಕೆ ಅಂದೇ ಸಂಜೆ ಕಡಿಮೆಯಾಯಿತು.

ಬಲಗಡೆಯ ಪರದೆ ಎಡಕ್ಕೆ

ಇಷ್ಟಾದರೂ ನಾವು ಹೊರಟ ಕೆಲಸ ಆಗಿರಲಿಲ್ಲ. 47.4ಕ್ಕೆ ಅರ್ಧ ಪರದೆಯ 23.1 ಕೂಡಿಸಿದರೆ 70.5 ಡಿಗ್ರಿ. ನಮ್ಮ ಎಡ ಪರದೆ ಅಲ್ಲಿಗೆ ಮುಗಿಯುತ್ತಿತ್ತು. ರೆಕ್ಕೆಯ ನೇರಕ್ಕಿರುವ 90 ಡಿಗ್ರಿಯೇ ಕಾಣುತ್ತಿರಲಿಲ್ಲ, 135 ಎಲ್ಲಿಂದ ಕಾಣಬೇಕು? ಡೌನ್‌ವಿಂಡಿನಲ್ಲಿ ರನ್‌ವೇ ಎಡ ಪರದೆಯ ಅಂಚಿನವರೆಗೆ ಚೆಂದವಾಗಿ ಬಂದು ಗೋಡೆಯೊಳಕ್ಕೆ ಮರೆಯಾಗುತ್ತಿತ್ತು, ಹುಡುಗನ ಹೆಬ್ಬೆರಳು ಹಳೆಯ ಗುಂಡಿಯನ್ನೇ ಹುಡುಕುತ್ತಿತ್ತು. ಮೂರು ಮಾನಿಟರ್ ಎಂದರೆ ನಡುವೆ ಒಂದು, ಎಡಕ್ಕೊಂದು, ಬಲಕ್ಕೊಂದು ಎನ್ನುವುದನ್ನು ನಾವು ಯಾರೂ ಪ್ರಶ್ನಿಸಿರಲಿಲ್ಲ. ಈ ಪ್ರಕರಣದಲ್ಲಿ ನಾವು ಹೆಚ್ಚು ದಿನ ಕಳೆದುಕೊಂಡದ್ದು ಈ ಒಂದು ರೂಢಿಯಿಂದ.

ಎಡ ಸರ್ಕ್ಯೂಟಿನಲ್ಲಿ ಬಲ ಪರದೆ ಮಾಡುವ ಕೆಲಸ ಕಡಿಮೆ. ಬೇರೆ ವಿಮಾನ ಬರುತ್ತಿದೆಯೇ ಎಂದು ನೋಡಿಕೊಳ್ಳಲು ಬಲಗಡೆಯೂ ಬೇಕು, ನಿಜ. ಆದರೆ ಹುಡುಗನಿಗೆ ಈಗ ಕಲಿಯಬೇಕಾದದ್ದು ಎಡ ಭುಜದ ಹಿಂದೆ ಇತ್ತು. ಬಲಗಡೆಯ ಮಾನಿಟರನ್ನು ಎತ್ತಿ ಎಡ ಮಾನಿಟರಿನ ಆಚೆಗೆ ಇಡುವುದೆಂದು ನಿಶ್ಚಯಿಸಿದೆವು. ಲೆಕ್ಕ ಹಾಕಿದಾಗ 70 ಸೆಂಟಿಮೀಟರಿನಲ್ಲಿ ಅದರ ಹೊರ ಅಂಚು 117.9 ಡಿಗ್ರಿಗೆ ಮುಟ್ಟಿತು. ಇನ್ನೂ 17 ಡಿಗ್ರಿ ಬೇಕಿತ್ತು. ದೊಡ್ಡ ಮಾನಿಟರ್ ಕೊಳ್ಳುವ ಬದಲು ದೂರವನ್ನೇ ತಗ್ಗಿಸಿ ನೋಡಿದೆವು. 60 ಸೆಂಟಿಮೀಟರಿಗೆ ಪ್ರತಿ ಪರದೆಯ ಕೋನ 53 ಡಿಗ್ರಿ, ತಿರುವು 54.2 ಡಿಗ್ರಿ. ಹಾಗಾದರೆ ಮೊದಲ ಎಡ ಪರದೆಗೆ ಆಫ್‌ಸೆಟ್ ಋಣ 54.2 (ಎಡಕ್ಕೆ ತಿರುಗಿದ್ದಕ್ಕೆ ಋಣ ಚಿಹ್ನೆ), ಎರಡನೆಯದಕ್ಕೆ ಋಣ 108.4, ಅದಕ್ಕೆ ಅರ್ಧ ಪರದೆಯ 26.5 ಕೂಡಿಸಿದರೆ 134.9. ಕಾಗದದ ಮೇಲೆ ಆ ಸಂಖ್ಯೆ ಬಂದಾಗ ನಾವಿಬ್ಬರೂ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿದೆವು. ತೋಳಿನಳತೆಗಿಂತ ತುಸು ಹತ್ತಿರ ಕುಳಿತರೆ, ಇರುವ ಮೂರೇ ಮಾನಿಟರುಗಳಲ್ಲಿ, ಮೂರನೆಯದರ ಹೊರ ಅಂಚು ಬೇಸ್‌ಗೆ ತಿರುಗಬೇಕಾದ ಕೋನಕ್ಕೇ ಬಂದು ನಿಲ್ಲುತ್ತಿತ್ತು. ರನ್‌ವೇಯ ಅಂಚು ಪರದೆಯ ಅಂಚನ್ನು ಮುಟ್ಟಿತೆಂದರೆ ತಿರುಗುವ ಸಮಯ.

ಮೂರನೆಯ ಮಾನಿಟರ್ ಈಗ ಕುರ್ಚಿಯ ಎಡಪಕ್ಕದಲ್ಲಿ, ಕಣ್ಣಿನ ಮಟ್ಟಕ್ಕಿಂತ ಹಿಂದೆ ನಿಲ್ಲಬೇಕಾಯಿತು. ಮೇಜು ಅಲ್ಲಿಗೆ ಚಾಚುವುದಿಲ್ಲ. ನನ್ನ ತಾಯಿಯ ಹಳೆಯ ಹೊಲಿಗೆ ಯಂತ್ರದ ಮೇಜು ಅಟ್ಟದ ಮೇಲಿತ್ತು. ಯಂತ್ರವನ್ನು ಒಳಕ್ಕೆ ಮಡಚಿ ಮೇಲೆ ಹಲಗೆ ಇಟ್ಟರೆ ಎತ್ತರ ಸರಿಹೋಯಿತು, ಎರಕದ ಕಬ್ಬಿಣದ ಕಾಲುಗಳಿಂದಾಗಿ ಅದು ಅಲುಗುವುದೂ ಇಲ್ಲ. ಕುರ್ಚಿಗೆ ಹತ್ತುವುದು ಇಳಿಯುವುದು ಇನ್ನು ಬಲಗಡೆಯಿಂದ ಮಾತ್ರ.

ಇಲ್ಲೊಂದು ಸೂಕ್ಷ್ಮವಿದೆ. ತಲೆ ತಿರುಗುವುದು ಕಣ್ಣಿನ ಮೇಲಲ್ಲ, ಕುತ್ತಿಗೆಯ ಮೇಲೆ. ಕಣ್ಣು ಆ ಅಕ್ಷದಿಂದ ಸುಮಾರು ಹತ್ತು ಸೆಂಟಿಮೀಟರ್ ಮುಂದಿರುತ್ತದೆ. ಹುಡುಗ ಪೂರ್ತಿ ಎಡಕ್ಕೆ ತಿರುಗಿದಾಗ ಅವನ ಕಣ್ಣು ಮೂರನೆಯ ಪರದೆಗೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಹತ್ತಿರವಾಗುತ್ತಿತ್ತು. ವಿಮಾನಯಾನ ಸಂಸ್ಥೆಗಳ ದೊಡ್ಡ ಸಿಮ್ಯುಲೇಟರುಗಳಲ್ಲಿ ಬಾಗಿದ ಭಾರಿ ಕನ್ನಡಿಯಿಂದ ಬೆಳಕನ್ನು ಸಮಾನಾಂತರ ಕಿರಣಗಳಾಗಿ ಕಣ್ಣಿಗೆ ಕಳುಹಿಸುತ್ತಾರೆ. ಅಲ್ಲಿ ದೃಶ್ಯ ಬಹಳ ದೂರದಲ್ಲಿದ್ದಂತೆ ತೋರುವುದರಿಂದ ತಲೆ ಕೊಂಚ ಸರಿದರೂ ಕೋನ ಕೆಡುವುದಿಲ್ಲ. ಅರವತ್ತು ಸೆಂಟಿಮೀಟರ್ ದೂರದ ಪರದೆಗೆ ಆ ಅನುಕೂಲವಿಲ್ಲ. ನಾವು ಮಾಡಿದ್ದು ಒಂದು ಹೊಂದಾಣಿಕೆ: ತೂಗುಗುಂಡನ್ನು ಹುಬ್ಬಿನಿಂದಲ್ಲ, ಕಿವಿಯ ಮುಂಭಾಗಕ್ಕೆ ನೇರವಾಗಿ, ಅಂದರೆ ಕಣ್ಣಿಗೂ ಕುತ್ತಿಗೆಗೂ ನಡುವೆ ಇಳಿಬಿಟ್ಟು ಕಮಾನನ್ನು ಮತ್ತೆ ಎಳೆದೆವು. ತಪ್ಪು ಇಲ್ಲವಾಗಲಿಲ್ಲ, ಎರಡು ಕಡೆಗೆ ಹಂಚಿಹೋಯಿತು.

ಮೇಲೆ ಕೆಳಗೆ ಕಾಣುವುದು ಈ ದೂರದಲ್ಲಿ ಒಟ್ಟು 31 ಡಿಗ್ರಿ, ದಿಗಂತಕ್ಕಿಂತ ಕೆಳಗೆ 15 ಡಿಗ್ರಿ ಚಿಲ್ಲರೆ. 1,000 ಅಡಿ ಎತ್ತರದಿಂದ ಒಂದು ನಾಟಿಕಲ್ ಮೈಲು ದೂರದ ರನ್‌ವೇ ದಿಗಂತಕ್ಕಿಂತ ಸುಮಾರು 9 ಡಿಗ್ರಿ ಕೆಳಗಿರುತ್ತದೆ, ಆದ್ದರಿಂದ ಹೊರಗಿನ ನೋಟಕ್ಕೆ ಇಷ್ಟು ಸಾಕು. ಉಪಕರಣ ಫಲಕ ಮಾತ್ರ ಕೆಳಗೆ ಕತ್ತರಿಸಿ ಹೋಗುತ್ತದೆ. ನೋಟವನ್ನು ಕೆಳಕ್ಕೆ ವಾಲಿಸಬಹುದಿತ್ತು. ಆದರೆ ಮಾನಿಟರುಗಳು ನೆಟ್ಟಗೆ ನಿಂತಿರುವಾಗ ಚಿತ್ರವನ್ನು ಮಾತ್ರ ವಾಲಿಸಿದರೆ ಪಕ್ಕದ ಪರದೆಗಳೊಂದಿಗಿನ ಬೆಸುಗೆ ಬಿಟ್ಟುಕೊಳ್ಳುತ್ತದೆ. ಅದರ ಬದಲು ಮೂಲೆಗೆ ಬಿದ್ದಿದ್ದ 15 ಇಂಚಿನ ಹಳೆಯ ಮಾನಿಟರನ್ನು ಎಚ್‌ಡಿಎಂಐಗೆ ಸಿಕ್ಕಿಸಿ ಮಧ್ಯದ ಪರದೆಯ ಕೆಳಗೆ ಮಲಗಿಸಿ, ವೇಗ, ಎತ್ತರ ಮುಂತಾದವನ್ನು ತೋರಿಸುವ ಜಿ1000 ಉಪಕರಣದ ಕಿಟಕಿಯನ್ನು ಅದಕ್ಕೆ ಸರಿಸಿದೆವು. ಉಪಕರಣ ನೋಡಲು ತಲೆ ತಗ್ಗಿಸಲೇಬೇಕಾದ್ದರಿಂದ, ಅದರಲ್ಲೇ ಕಣ್ಣು ನೆಟ್ಟು ಹಾರುವ ಅವನ ಅಭ್ಯಾಸವೂ ಸಡಿಲವಾಯಿತು.

ಗಡಿಯಾರ ಹೇಳಿದ್ದು

ಮೂರು ಸ್ವತಂತ್ರ ನೋಟಗಳೆಂದರೆ ಕಂಪ್ಯೂಟರ್ ಒಂದೇ ಪ್ರಪಂಚವನ್ನು ಮೂರು ಸಲ ಬಿಡಿಸಬೇಕು. ಸೆಕೆಂಡಿಗೆ 50ರಷ್ಟಿದ್ದ ಚಿತ್ರಗಳ ಸಂಖ್ಯೆ 17ಕ್ಕೆ ಕುಸಿಯಿತು. ಓಡಾಟ ಕೊಂಚ ಒರಟೆನಿಸಿದರೂ ಹಾರಲು ಬರುತ್ತಿತ್ತು, ಹಾಗಾಗಿ ಎರಡು ದಿನ ಅದನ್ನು ಸಹಿಸಿಕೊಂಡೆವು. ಆಮೇಲೆ ಹುಡುಗ ಗೋಡೆಯ ಗಡಿಯಾರ ತೋರಿಸಿದ: ಸಿಮ್ಯುಲೇಟರಿನಲ್ಲಿ ಒಂದು ನಿಮಿಷ ಕಳೆಯುವಷ್ಟರಲ್ಲಿ ಗೋಡೆಯ ಮೇಲೆ 70 ಸೆಕೆಂಡು ಆಗುತ್ತಿತ್ತು. ಚಿತ್ರಗಳ ಸಂಖ್ಯೆ 20ಕ್ಕಿಂತ ಕೆಳಗಿಳಿದರೆ ಹಾರಾಟದ ಲೆಕ್ಕಾಚಾರ ಕೆಡದಿರಲೆಂದು ಎಕ್ಸ್-ಪ್ಲೇನ್ ತನ್ನ ಕಾಲವನ್ನೇ ನಿಧಾನಗೊಳಿಸುತ್ತದೆ. ಇಳಿಯುವ ಲಯವನ್ನು ಕೈಗೆ ಕೂರಿಸಿಕೊಳ್ಳಬೇಕಾದವನು ನಿಧಾನವಾದ ಕಾಲದಲ್ಲಿ ಅಭ್ಯಾಸ ಮಾಡುತ್ತಿದ್ದ.

ಪರದೆಯ ಮೂಲೆಯಲ್ಲಿ ತೋರುವ ಅಂಕಿಗಳಲ್ಲಿ ಸಿಪಿಯು, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪು, ತೆಗೆದುಕೊಳ್ಳುವ ಸಮಯ ಗ್ರಾಫಿಕ್ಸ್ ಕಾರ್ಡಿನ ಚಿಪ್ಪಾದ ಜಿಪಿಯುವಿನದಕ್ಕಿಂತ ಹೆಚ್ಚಿತ್ತು. ಅಂದರೆ ಚುಕ್ಕೆಗಳನ್ನು ಕಡಿಮೆ ಮಾಡಿ ಪ್ರಯೋಜನವಿರಲಿಲ್ಲ, ಬಿಡಿಸಬೇಕಾದ ವಸ್ತುಗಳನ್ನೇ ಕಡಿಮೆ ಮಾಡಬೇಕಿತ್ತು. ಕಟ್ಟಡ, ಮರ, ವಾಹನಗಳ ದಟ್ಟಣೆಯನ್ನು ಎರಡು ಹಂತ ಇಳಿಸಿ ನೆರಳುಗಳನ್ನು ತಗ್ಗಿಸಿದ ಮೇಲೆ ಸಂಖ್ಯೆ 30ರ ಮೇಲೆ ನಿಂತಿತು. ಸರ್ಕ್ಯೂಟ್ ಕಲಿಯುವವನಿಗೆ ರನ್‌ವೇ, ದಿಗಂತ, ಬೆಟ್ಟ, ರಸ್ತೆ ಇದ್ದರೆ ಸಾಕು. ಕೆಳಗಿನ ಬೀದಿಯ ಮರಗಳ ಲೆಕ್ಕ ಬೇಡ.

ವಿದ್ಯುತ್ತಿನ ವಿಚಾರವನ್ನೂ ಮೊದಲೇ ನೋಡಿಕೊಳ್ಳಬೇಕಿತ್ತು. ಮನೆಯಲ್ಲಿದ್ದ 600 ವಿಎ ಯುಪಿಎಸ್ ನಡೆಸಬಲ್ಲದ್ದು 360 ವ್ಯಾಟ್ ಮಾತ್ರ. ಕಂಪ್ಯೂಟರೂ ನಾಲ್ಕು ಮಾನಿಟರುಗಳೂ ಸೇರಿ ಅದನ್ನು ಮೀರುತ್ತಿದ್ದುದರಿಂದ ಕರೆಂಟು ಹೋದ ಕ್ಷಣವೇ ಎಲ್ಲವೂ ಆರಿಹೋಗುತ್ತಿತ್ತು. 1,100 ವಿಎ ತಂದ ಮೇಲೆ ಸರಿಹೋಯಿತು. ಇನ್ನೊಂದು ಕಿರುಕುಳ: ಡಿಸ್‌ಪ್ಲೇಪೋರ್ಟಿನಲ್ಲಿರುವ ಮಾನಿಟರನ್ನು ಗುಂಡಿಯೊತ್ತಿ ಆರಿಸಿದರೆ ವಿಂಡೋಸ್ ಅದನ್ನು ಕಿತ್ತುಹಾಕಿದ್ದಾರೆಂದು ತಿಳಿದು ಪರದೆಗಳ ಕ್ರಮವನ್ನು ಬದಲಿಸಿಬಿಡಬಹುದು. ನಮ್ಮಲ್ಲಿ ಎರಡು ಸಲ ಹೀಗಾಗಿ ಆಫ್‌ಸೆಟ್‌ಗಳನ್ನು ಮತ್ತೆ ತುಂಬಬೇಕಾಯಿತು. ಈಗ ಮೊದಲು ಮಾನಿಟರುಗಳೆಲ್ಲವನ್ನೂ ಹಚ್ಚಿ ಆಮೇಲೆ ಕಂಪ್ಯೂಟರ್ ಹಚ್ಚುತ್ತೇವೆ. ಅಂಕಿಗಳನ್ನು ಬರೆದ ಚೀಟಿ ಹೊಲಿಗೆ ಮೇಜಿನ ಸೆಳೆಖಾನೆಯಲ್ಲಿದೆ.

ಅಭ್ಯಾಸದ ಸುತ್ತುಗಳು

ಹೊಸ ಜೋಡಣೆಯಲ್ಲಿ ಹುಡುಗ ಗಮನಿಸಿದ ಮೊದಲ ಸಂಗತಿ ರೆಕ್ಕೆಯ ಕೆಳಗಿನ ಊರೆಗಂಬ. ಸೆಸ್ನಾದಲ್ಲಿ ಡೌನ್‌ವಿಂಡಿನಲ್ಲಿರುವಾಗ ರನ್‌ವೇ ಆ ಕಂಬದ ಸುಮಾರು ಅರ್ಧಕ್ಕೆ ಹಾದಂತೆ ಕಂಡರೆ ದೂರ ಸರಿಯಾಗಿದೆ ಎನ್ನುವುದು ರೂಢಿಯ ಗುರುತು. ಹಳೆಯ ಮಾನಿಟರಿನಲ್ಲಿ ಕಂಬ ಕಾಣುತ್ತಿದ್ದುದು ಗುಂಡಿ ಒತ್ತಿದಾಗ ಮಾತ್ರ. ಈಗ ಅದು ಸದಾ ಅವನ ಎಡಗಣ್ಣಿನ ಅಂಚಿನಲ್ಲಿರುತ್ತದೆ, ರನ್‌ವೇ ಅದರ ಮೇಲೆ ಮೆಲ್ಲಗೆ ಹಿಂದಕ್ಕೆ ಸರಿಯುವುದು ತಾನಾಗಿ ಕಾಣುತ್ತದೆ. ಎರಡನೆಯದು ಇನ್ನೂ ಮುಖ್ಯವಾದದ್ದು. ಸೆಸ್ನಾ 172ರ ರೆಕ್ಕೆ ಮೇಲುಗಡೆ ಇರುವುದರಿಂದ ಎಡಕ್ಕೆ ಓರೆಯಾದ ಕೂಡಲೇ ರೆಕ್ಕೆ ಇಳಿದು ರನ್‌ವೇಯನ್ನೇ ಮರೆಮಾಡುತ್ತದೆ. ತಿರುಗುತ್ತಾ ನೋಡಿದರಾಯಿತು ಎಂದುಕೊಂಡವನಿಗೆ ಆಗ ರನ್‌ವೇ ಸಿಗುವುದಿಲ್ಲ. ಓರೆಯಾಗುವ ಮೊದಲೇ ತಲೆ ತಿರುಗಿಸಿ, ಕೊನೆಯ ಸಲ ನೋಡಿಕೊಂಡು, ಮುಂದೆ ದಿಗಂತದ ಮೇಲೊಂದು ಗುರುತು ಹಿಡಿದು ತಿರುಗಬೇಕು. ನಾನು ಇದನ್ನು ಅವನಿಗೆ ಹೇಳಿಕೊಡಲಿಲ್ಲ. ಮೂರನೆಯ ಪರದೆಯಲ್ಲಿ ರೆಕ್ಕೆ ಇಳಿದು ರನ್‌ವೇಯನ್ನು ಮುಚ್ಚುವುದನ್ನು ನಾಲ್ಕೈದು ಸಲ ನೋಡಿ ಅವನೇ ಕಂಡುಕೊಂಡ.

ಮನೆಯಲ್ಲಿ ಹೀಗೆ ಹಾರಿದ ಗಂಟೆಗಳು ಅವನ ಲಾಗ್‌ಬುಕ್ಕಿಗೆ ಸೇರುವುದಿಲ್ಲ, ಸೇರಬೇಕಾಗಿಯೂ ಇಲ್ಲ. ಮುಂದಿನ ಪಾಠ ಮುಗಿಸಿ ಬಂದವನು ಚಪ್ಪಲಿ ಬಿಡುತ್ತಾ ಹೇಳಿದ ಮಾತು ನನಗೆ ಸಾಕಾಯಿತು: ತಲೆ ತಿರುಗಿಸಿದಾಗ ರನ್‌ವೇ ನಾನು ಅಂದುಕೊಂಡ ಜಾಗದಲ್ಲೇ ಇತ್ತು.

ಬಲ ಸರ್ಕ್ಯೂಟಿನ ಅಭ್ಯಾಸ ಇನ್ನೂ ಬಾಕಿಯಿದೆ. ಅದಕ್ಕೆ ಇದೇ ಅಂಕಿಗಳನ್ನು ಧನ ಚಿಹ್ನೆಯೊಂದಿಗೆ ಬರೆದು, ಎರಡು ಮಾನಿಟರುಗಳನ್ನೂ ಹೊಲಿಗೆ ಮೇಜನ್ನೂ ಬಲಕ್ಕೆ ದಾಟಿಸಬೇಕು. ಆಗ ಎಡ ಆಸನದಲ್ಲಿ ಕುಳಿತವನು ಇಡೀ ಕಾಕ್‌ಪಿಟ್‌ನ ಆಚೆ ಬಲಗಿಟಕಿಯ ಮೂಲಕ ರನ್‌ವೇಯನ್ನು ನೋಡಬೇಕಾಗುತ್ತದೆ. ಕಂಬದ ಗುರುತು ಅಲ್ಲಿ ಬೇರೆ ಎತ್ತರದಲ್ಲಿ ಬೀಳುತ್ತದೆ. ಬಲಗಡೆಯ ಕಮಾನನ್ನು ನೆಲದ ಮೇಲೆ ಎಳೆದಾಗಿದೆ. ಅದರ ತುದಿಗೆ ಪುಸ್ತಕದ ಕಪಾಟು ಅಡ್ಡ ಬಂದಿದೆ, ಈ ಭಾನುವಾರ ಅದನ್ನು ಸರಿಸುತ್ತೇವೆ.